ಗುಲಾಬಿ ಅಂಗಿ, ಬಿಗಿಯಾದ ಸದ್ದು

ಆ ಮನೆಯಲ್ಲಿ ಆಂಪ್ಲಿಫೈಯರ್ ಇದ್ದದ್ದು ಮೆಟ್ಟಿಲ ಕೆಳಗೆ. ಅದರ ಮೇಲೆ ಇಸ್ತ್ರಿಗೆ ಕಾದಿರುವ ಬಟ್ಟೆಯ ರಾಶಿ, ರಾಶಿಯ ಪಕ್ಕ ಅತ್ತೆಯ ಕನ್ನಡಕ, ಕನ್ನಡಕದ ಪಕ್ಕ ಅವರ ಮಾತ್ರೆಯ ಡಬ್ಬಿ, ಮತ್ತು ಯಾರೂ ತಮ್ಮದೆಂದು ಒಪ್ಪಿಕೊಳ್ಳದ ಒಂದು ಛತ್ರಿ. ಕಪ್ಪು ಪೆಟ್ಟಿಗೆ ನೋಡಲು ಲಕ್ಷಣವಾಗಿಲ್ಲವೆಂದು ಅತ್ತೆ ಹಳೆಯ ಪರದೆಯೊಂದನ್ನು ಕತ್ತರಿಸಿ ಅದಕ್ಕೆ ಕೆಂಪು ಗವುಸು ಹೊಲಿದಿದ್ದರು. ಹೊಸದಾಗಿ ಬಂದವರು ಅದನ್ನು ಹೊಲಿಗೆ ಯಂತ್ರವೆಂದುಕೊಳ್ಳುತ್ತಿದ್ದರು. ಅದು ಗಿಟಾರಿನ ಆಂಪ್ಲಿಫೈಯರ್, ನುಡಿಸುವವಳು ಈ ಮನೆಯ ಸೊಸೆ ಎಂದು ಹೇಳಿದರೆ ಅವರ ಕಣ್ಣು ಮೊದಲು ಪೆಟ್ಟಿಗೆಯ ಕಡೆಗೆ, ಆಮೇಲೆ ಅವಳ ಕೈಯಲ್ಲಿನ ಪೊರಕೆಯ ಕಡೆಗೆ ಹೋಗುತ್ತಿತ್ತು.

ಸೊಸೆಗೆ ನಲವತ್ತಾರು ವರ್ಷ. ಶಾಲೆಯ ಮಕ್ಕಳ ವ್ಯಾನ್ ಓಡಿಸುವುದರಿಂದ ಬೀದಿಗೆಲ್ಲ ಅವಳು ವ್ಯಾನಕ್ಕ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನದ ಮೇಲೆ ಕರೆತಂದು, ನಡುವಿನ ಹೊತ್ತಿನಲ್ಲಿ ಮನೆಯೆಂಬ ಇನ್ನೊಂದು ವ್ಯಾನನ್ನು ಓಡಿಸುತ್ತಿದ್ದಳು. ಆ ವ್ಯಾನಿಗೆ ಬ್ರೇಕ್ ಇಲ್ಲ, ಹಾರ್ನ್ ಮಾತ್ರ ಇದೆ. ‘ಏನಮ್ಮಾ’ ಎಂದರೆ ಅತ್ತೆಯ ಹಾರ್ನ್, ‘ಲೇ, ಎಲ್ಲಿದೀಯ’ ಎಂದರೆ ಗಂಡನದು.

ಗಂಡ ಬಣ್ಣದಂಗಡಿಯ ಕೌಂಟರಿನಲ್ಲಿ ನಿಲ್ಲುವವನು. ಗಿರಾಕಿ ಒಂದು ಚೂರು ಬಟ್ಟೆ ತಂದು ತೋರಿಸಿದರೆ ಸಾಕು, ಅದೇ ಛಾಯೆಯ ಪೇಂಟ್ ಕಲಸಿಕೊಡುತ್ತಿದ್ದ. ಬಿಳಿಯಲ್ಲಿ ಎಷ್ಟು ಬಗೆ ಎಂದು ಕೇಳಿದರೆ ತಟ್ಟೆಯಲ್ಲಿನ ಊಟ ಆರಿ ತಣ್ಣಗಾಗುವ ತನಕ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ಹೆಂಡತಿಗೆ ಗಿಟಾರ್ ಬೇಡವೆಂದು ಯಾವತ್ತೂ ಹೇಳಿದವನಲ್ಲ. “ಕೆಲಸ ಮುಗಿಸಿಕೊಂಡು ಏನು ಬೇಕಾದ್ರೂ ಮಾಡ್ಕೋ” ಎಂದಿದ್ದ, ಅಷ್ಟೇ. ಅವನ ಅಂಗಡಿಗೆ ಶಟರ್ ಇತ್ತು. ಎಳೆದರೆ ಕೆಲಸ ಮುಗಿಯಿತು. ಅಡುಗೆಮನೆಗೆ ಶಟರ್ ಇಲ್ಲವೆಂಬುದು ಅವನ ಗಮನಕ್ಕೆ ಬಂದಿರಲಿಲ್ಲ.

ಮದುವೆಗೆ ಮೊದಲು ವ್ಯಾನಕ್ಕ ಅಣ್ಣನ ಗಿಟಾರನ್ನು ಅವನಿಲ್ಲದಾಗ ಎತ್ತಿಕೊಂಡು ಕಲಿತಿದ್ದಳು. ಮದುವೆಯಲ್ಲಿ ಪಾತ್ರೆ ಬಂತು, ಮಂಚ ಬಂತು; ಗಿಟಾರ್ ಅಣ್ಣನ ಕೋಣೆಯ ಗೋಡೆಯಲ್ಲೇ ಉಳಿಯಿತು. ವ್ಯಾನಿನ ದಾರಿಯಲ್ಲಿ ಮಹಡಿಯ ಕೋಣೆಯೊಂದನ್ನು ಖಾಲಿ ಮಾಡಿ ಹೊರಟಿದ್ದ ತರುಣನೊಬ್ಬ ಗಿಟಾರ್, ಆಂಪ್ಲಿಫೈಯರ್, ಜೊತೆಗೆ ಅಂಗೈಯಗಲದ ಒಂದು ತಗಡಿನ ಪೆಟ್ಟಿಗೆ, ಮೂರನ್ನೂ ಒಟ್ಟಿಗೆ ಮಾರುತ್ತಿದ್ದಾನೆಂದು ತಿಳಿದಾಗ ಅವಳಿಗೆ ನಲವತ್ತೆರಡು. ತಗಡಿನ ಪೆಟ್ಟಿಗೆಯ ಮುಖದ ಮೇಲೆ ಸಾಲಾಗಿ ಮೇಲೆ ಕೆಳಗೆ ಸರಿಸುವ ಕಡ್ಡಿಗಳಿದ್ದವು: ಒಂದು ಕಡ್ಡಿ ಮಂದ್ರ ಸ್ವರಗಳಿಗೆ, ಒಂದು ತಾರಕ್ಕೆ, ಮಿಕ್ಕವು ನಡುವಿನವಕ್ಕೆ. ತರುಣ ಅದನ್ನು ಆಂಪ್ಲಿಫೈಯರಿನ ಬೆನ್ನಿಗೆ ಎರಡು ವಯರುಗಳಿಂದ ಸಿಕ್ಕಿಸಿ, ಮೇಲೆ ಅಂಟುಪಟ್ಟಿ ಸುತ್ತಿ, “ಇದನ್ನ ಮುಟ್ಟಬೇಡಿ ಆಂಟಿ, ನಾನು ಸೆಟ್ ಮಾಡಿಟ್ಟಿದ್ದೀನಿ” ಎಂದಿದ್ದ. ವ್ಯಾನಿನ ಇಂಜಿನ್ನಿನೊಳಗೆ ಮೊಣಕೈ ತನಕ ಕೈ ಹಾಕುವ ಹೆಂಗಸು, ಗಂಡಸೊಬ್ಬ ಮುಟ್ಟಬೇಡಿ ಎಂದನೆಂದು ಆ ಅಂಟುಪಟ್ಟಿಯನ್ನು ಮುಟ್ಟಲಿಲ್ಲ.

ಈ ಜಾತಿಯ ಆಂಪ್ಲಿಫೈಯರಿನಲ್ಲಿ ಗೇನ್ ಎಂಬ ಗುಂಡಿ ಇರುತ್ತದೆ. ಅದನ್ನು ಏರಿಸಿದಷ್ಟೂ ತಂತಿಯ ಸಣ್ಣ ದನಿ ಒಡೆದು, ಉರಿದು, ಗರ್ಜನೆಯಾಗುತ್ತದೆ. ವ್ಯಾನಕ್ಕನಿಗೆ ಇಷ್ಟವಾದದ್ದೇ ಆ ಗರ್ಜನೆ, ಹೆವಿ ಮೆಟಲ್. ಆದರೆ ಮನೆಯಲ್ಲಿ ಗರ್ಜಿಸುವಂತಿಲ್ಲ. ಅತ್ತೆಗೆ ನಿದ್ದೆ, ಪಕ್ಕದ ಮನೆಯವರಿಗೆ ತಲೆನೋವು, ಗಂಡನಿಗೆ ಟೀವಿ. ಎಲ್ಲಕ್ಕಿಂತ ಹೆಚ್ಚಾಗಿ, ಕುಕ್ಕರ್ ಎಷ್ಟು ಸಲ ಕೂಗಿತೆಂದು ಅವಳಿಗೇ ಕೇಳಿಸಬೇಕು. ಹಾಗಾಗಿ ವಾಲ್ಯೂಮನ್ನು ಪಿಸುಮಾತಿಗೆ ಇಳಿಸಿ, ಆ ಪಿಸುಮಾತು ಹೊಟ್ಟೆಗೆ ತಟ್ಟಲೆಂದು ಗೇನನ್ನೂ ಮಂದ್ರ ಸ್ವರಗಳನ್ನು ಹಿಗ್ಗಿಸುವ ಬಾಸ್ ಗುಂಡಿಯನ್ನೂ ಕೊನೆಯವರೆಗೆ ತಿರುಗಿಸಿಟ್ಟಿದ್ದಳು. ಒಂದು ಕಿವಿ ತಂತಿಯ ಮೇಲೆ, ಒಂದು ಕಿವಿ ಒಲೆಯ ಮೇಲೆ. ಮೆಟ್ಟಿಲ ಕೆಳಗೆ, ಬಟ್ಟೆ ರಾಶಿಯ ಅಡಿಯಿಂದ, ಆ ಸದ್ದು ಅವಳಿಗೆ ಚೆನ್ನಾಗಿಯೇ ಕೇಳುತ್ತಿತ್ತು.

ಅವಳ ಬ್ಯಾಂಡಿನಲ್ಲಿ ಮೂವರು. ಹಲ್ಲಿನ ಡಾಕ್ಟರ ಬಳಿ ನರ್ಸಾಗಿರುವವಳು ಡ್ರಮ್ಸ್ ಬಾರಿಸುತ್ತಾಳೆ. ಗಣಿತದ ಟೀಚರ್ ಬಾಸ್ ಗಿಟಾರ್ ನುಡಿಸುತ್ತ ಹಾಡುತ್ತಾಳೆ. ಇಬ್ಬರ ಮಕ್ಕಳೂ ಒಂದು ಕಾಲಕ್ಕೆ ವ್ಯಾನಿನಲ್ಲಿ ಬರುತ್ತಿದ್ದವರೇ. ಮೂವರೂ ಕುಕ್ಕರಿನ ಮೂರನೇ ಕೂಗಿಗೆ ಒಲೆ ಆರಿಸಿ ಬಂದ ಮೇಲೆಯೇ ಶುರುವಾಗುವ ಬ್ಯಾಂಡಾದ್ದರಿಂದ ಅದಕ್ಕೆ ‘ಮೂರು ಕೂಗು’ ಎಂದು ಹೆಸರಿಟ್ಟಿದ್ದರು. ಭಾನುವಾರ ಕ್ಲಿನಿಕ್ಕಿನ ಹಿಂದಿನ ಸಾಮಾನು ಕೋಣೆಯಲ್ಲಿ ಅಭ್ಯಾಸ. ಅಲ್ಲಿ ಹಳೆಯ ಹಲ್ಲಿನ ಕುರ್ಚಿಯೊಂದು ಅರ್ಧ ಜಾಗ ತಿಂದಿತ್ತು. ದೊಡ್ಡ ಆಂಪ್ಲಿಫೈಯರ್ ಹಿಡಿಸುತ್ತಿರಲಿಲ್ಲ. ವ್ಯಾನಕ್ಕ ಟೀಚರ ಪುಟ್ಟ ಸ್ಪೀಕರಿನಲ್ಲೇ ನುಡಿಸಿ ಬರುತ್ತಿದ್ದಳು.

ಆದ್ದರಿಂದ ಅವಳ ಆಂಪ್ಲಿಫೈಯರ್ ಬಾಯಿಬಿಟ್ಟು ಕೂಗಿದ್ದು ಮೊದಲ ಸಲ ಸಭಾಭವನದಲ್ಲಿ. ಪ್ರತಿ ವರ್ಷ ಅಲ್ಲಿ ಊರಿನ ಬ್ಯಾಂಡುಗಳಿಗೆಲ್ಲ ಒಂದು ಸಂಜೆ ಕೊಡುತ್ತಾರೆ. ‘ಮೂರು ಕೂಗು’ ತಂಡಕ್ಕೂ ಈ ಸಲ ಜಾಗ ಸಿಕ್ಕಿತ್ತು. ಒಂದು ವಾರ ಮೊದಲು ಬಂದು ನುಡಿಸಿ ತೋರಿಸಬೇಕಿತ್ತು. ವಾಲ್ಯೂಮ್ ಏರಿಸಿ, ದಪ್ಪ ತಂತಿಯ ಮೇಲೆ ಅಂಗೈಯ ಅಂಚನ್ನು ಒತ್ತಿ, ಅವಳು ಮೊದಲ ಹೊಡೆತ ಹೊಡೆದಳು. ಬಂದ ಸದ್ದು ಗರ್ಜನೆಯಾಗಿರಲಿಲ್ಲ, ಕೆಸರಾಗಿತ್ತು. ಎರಡನೇ ಹೊಡೆತ ಮೊದಲನೆಯದರ ಮೇಲೆ ಬಿತ್ತು, ಮೂರನೆಯದು ಎರಡರೊಳಗೂ ಹೂತುಹೋಯಿತು. ಹಾಡಿನ ನಡುವೆ ಮೂವರೂ ಒಟ್ಟಿಗೆ ತಟ್ಟನೆ ನಿಲ್ಲಬೇಕಾದ ಕಡೆ ಡ್ರಮ್ಸ್ ನಿಂತಿತು, ಬಾಸ್ ನಿಂತಿತು. ವ್ಯಾನಕ್ಕನ ಕೈಯೂ ನಿಂತಿತು. ಸದ್ದು ಮಾತ್ರ ಗೊರಗುಟ್ಟುತ್ತ ಉಳಿಯಿತು.

ಸಭಾಭವನದ ಮೈಕು, ಸ್ಪೀಕರು ನೋಡಿಕೊಳ್ಳುವ ಸೌಂಡಿನವನು ತನ್ನ ಮೇಜಿನ ಹಿಂದಿನಿಂದ ಎದ್ದು ಬಂದ. ಕೆಟ್ಟವನಲ್ಲ, ಅವಸರದವನು. “ಅಕ್ಕ, ನೀವು ನಿಲ್ಲಿಸ್ತೀರಿ, ನಿಮ್ಮ ಸದ್ದು ನಿಲ್ತಿಲ್ಲ. ಮದುವೆಮನೆಯಿಂದ ಹೊರಟ ನೆಂಟರ ಥರ, ಹೋಗ್ತೀನಿ ಹೋಗ್ತೀನಿ ಅಂತ ಬಾಗಿಲಲ್ಲೇ ನಿಂತಿರುತ್ತೆ.”

“ಸ್ವಲ್ಪ ಗುಂಡಿ ತಿರುಗಿಸಿ ನೋಡ್ತೀನಿ” ಎಂದಳು ವ್ಯಾನಕ್ಕ.

“ಒಂದ್ ಕೆಲಸ ಮಾಡೋಣ. ನಮ್ಮವನೊಬ್ಬ ಗಿಟಾರಿನವನು ಇದಾನೆ. ಪರದೆ ಹಿಂದೆ ಕೂತು ನುಡಿಸ್ತಾನೆ. ನೀವು ಗಿಟಾರ್ ತಗಲಿಸ್ಕೊಂಡು ಮುಂದೆ ನಿಂತ್ಕೊಳ್ಳಿ. ಜನಕ್ಕೇನು ಗೊತ್ತಾಗುತ್ತೆ.”

“ಚೆನ್ನಾಗಿದೆ. ಹಲ್ಲು ಬೇರೆಯವರದ್ದು, ನಗು ನಮ್ಮದು” ಎಂದಳು ನರ್ಸ್ ಡ್ರಮ್ಸಿನ ಹಿಂದಿನಿಂದ.

ಟೀಚರ್ ಬಾಸ್ ಗಿಟಾರನ್ನು ಆಗಲೇ ಚೀಲಕ್ಕೆ ಇಳಿಸಲು ತೊಡಗಿದ್ದಳು. “ಅವಳು ಸುಮ್ನೆ ಗಿಟಾರ್ ಹಿಡ್ಕೊಂಡು ನಿಲ್ಲೋದಾದ್ರೆ ನಾನು ಬರಲ್ಲ ಸರ್.”

“ಕಾರ್ಯಕ್ರಮದ ದಿನ ಮಧ್ಯಾಹ್ನ ಇನ್ನೊಂದ್ಸಲ ಕೇಳಿ” ಎಂದಳು ವ್ಯಾನಕ್ಕ. “ಸದ್ದು ಬಿಗಿಯಾಗದಿದ್ರೆ ನಿಮ್ಮವನೇ ನುಡಿಸ್ಲಿ. ನಾನು ಮುಂದೂ ನಿಲ್ಲಲ್ಲ, ಹಿಂದೂ ನಿಲ್ಲಲ್ಲ, ಮನೆಗೆ ಹೋಗ್ತೀನಿ.”

ಮನೆಗೆ ಬಂದು ಆಂಪ್ಲಿಫೈಯರನ್ನು ಮೆಟ್ಟಿಲ ಕೆಳಗಿಟ್ಟು ಕೈತೊಳೆದು ಬರುವಷ್ಟರಲ್ಲಿ ಗವುಸು, ಬಟ್ಟೆ, ಡಬ್ಬಿ, ಛತ್ರಿ ಎಲ್ಲ ಮತ್ತೆ ಅದರ ಮೇಲೇರಿದ್ದವು. ಅವಳು ಛತ್ರಿಯನ್ನು ಪಕ್ಕಕ್ಕಿಟ್ಟು, ಮಾತ್ರೆ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟು, ಬಟ್ಟೆ ರಾಶಿಯನ್ನು ಎತ್ತಿ ಗಂಡನ ಮಡಿಲಿಗೆ ಹಾಕಿದಳು. ಅಂಗಡಿಯಲ್ಲಿ ಅವನದು ಬೆಳಗಿನ ಪಾಳಿ. ಸಂಜೆ ಅವಳು ವ್ಯಾನ್ ನಿಲ್ಲಿಸಿ ಒಳಗೆ ಬರುವ ಹೊತ್ತಿಗೆ ಟೀವಿಯ ಮುಂದೆ ಚಹಾಕ್ಕೆ ಕಾಯುತ್ತ ಕೂತಿರುತ್ತಿದ್ದ.

“ಈ ಆಂಪ್ಲಿಫೈಯರ್ ಒಂದು ವಾರ ಇಲ್ಲೇ ಮುಂದಿನ ಕೋಣೆಯಲ್ಲಿರುತ್ತೆ” ಎಂದಳು.

“ನಿನ್ನ ಬಟ್ಟೆನೆಲ್ಲ ಎಲ್ಲಿಡ್ತೀಯ ಮತ್ತೆ?”

“ಅದರಲ್ಲಿ ನನ್ನದು ಎರಡಿದೆ. ಮಿಕ್ಕಿದ್ದು ಯಾರದ್ದು ಅಂತ ನೋಡಿ.”

ಅವನು ನೋಡಿದ. ಮೇಲಿನ ಆರೂ ಅವನ ಅಂಗಿಗಳೇ.

“ನನ್ನ ಕನ್ನಡಕ ಎಲ್ಲಿಡಲಿ?” ಎಂದರು ಅತ್ತೆ.

“ಮೂಗಿನ ಮೇಲೆ, ಅತ್ತೆ.”

ಅತ್ತೆ ಮಗನ ಕಡೆ ನೋಡಿದರು. ಮಗ ಟೀವಿಯ ಕಡೆ ನೋಡಿದ. ವ್ಯಾನಕ್ಕ ಟೀವಿ ಆರಿಸಿದಳು. “ವ್ಯಾನ್ ನಿಲ್ಲಿಸಿ ಬಂದ ಮೇಲೆ ಕತ್ತಲಾಗೋ ತನಕ ನನ್ನ ಯಾರೂ ಕೂಗಬೇಡಿ. ಅಡುಗೆ, ಪಾತ್ರೆ, ಬಟ್ಟೆ ಈ ವಾರ ನಿಮ್ದು. ಏನಾದ್ರೂ ಸಿಗದಿದ್ರೆ ಹುಡುಕಿ. ನಾನೂ ಈ ಮನೆಗೆ ಬಂದಾಗ ಹಾಗೇ ಹುಡುಕಿದ್ದು.”

“ನಾನು ಅಂಗಡಿಯಿಂದ ಸುಸ್ತಾಗಿ ಬರ್ತೀನಲ್ಲೇ.”

“ಗೊತ್ತು ಕಣ್ರೀ. ನಾನೂ ಹಾಗೇ ಬರೋದು.”

ಅವನು ಎದೆ ಉಬ್ಬಿಸಿದ. “ಆಯ್ತು ಬಿಡು. ಅದೇನು ಮಹಾ. ಗ್ಯಾಸ್ ಬೇಯಿಸುತ್ತೆ, ಮಷಿನ್ ಒಗೆಯುತ್ತೆ.”

“ಹೌದಪ್ಪ. ನಾವೆಲ್ಲ ಸುಮ್ನೆ ಪಕ್ಕದಲ್ಲಿ ನಿಂತಿದ್ವಿ ಇಷ್ಟು ವರ್ಷ” ಎಂದರು ಅತ್ತೆ. ಯಾರ ಪಕ್ಷ ವಹಿಸಿ ಹೇಳಿದರೆಂದು ಮೂವರಿಗೂ ತಿಳಿಯಲಿಲ್ಲ.

ವ್ಯಾನಕ್ಕ ಆಂಪ್ಲಿಫೈಯರನ್ನು ಮುಂದಿನ ಕೋಣೆಗೆ ಎಳೆದು ತಂದು, ಕೆಂಪು ಗವುಸು ತೆಗೆದೆಸೆದು ಕೆಲಸಕ್ಕೆ ಕೂತಳು. ಮೊದಲು ವಾಲ್ಯೂಮ್ ಏರಿಸಿದಳು, ಸಭಾಭವನದಲ್ಲಿ ಬಂದ ಕೆಸರು ಇಲ್ಲಿಯೂ ಬರಲೆಂದು. ಕಾಣದ ರೋಗಕ್ಕೆ ಮದ್ದು ಹೇಗೆ ಕೊಡುವುದು. ಕಿಟಕಿಯ ಗಾಜು ಗದಗುಟ್ಟಿತು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, “ಏನು, ನೀರಿನ ಪಂಪ್ ಹಾಕಿಸಿದ್ರಾ” ಎಂದು ಕೇಳಿ ಹೋದಳು. ಸದ್ದು ಹೇಗಿದೆಯೆಂದು ತಿಳಿಯಲು ಅಷ್ಟು ಸಾಕಾಗಿತ್ತು.

ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಮರದ ಸ್ಟೂಲಿನ ಮೇಲಿಟ್ಟು, ಗೋಡೆಯಿಂದ ಮುಂದಕ್ಕೆ ಎಳೆದಳು. ನೆಲದ ನಡುಕ ನಿಂತಿತು, ಸದ್ದಿನದು ನಿಲ್ಲಲಿಲ್ಲ. ಗೇನನ್ನು ಅರ್ಧಕ್ಕೆ ಇಳಿಸಿದಳು. ಸ್ವರಗಳ ನಡುವೆ ಒಂದಿಷ್ಟು ಗಾಳಿ ಆಡತೊಡಗಿತು. ಆದರೆ ದಪ್ಪ ತಂತಿಗೆ ಹೋದರೆ ಮತ್ತೆ ಅದೇ ಗೊರಗೊರ. ಕೆಸರೆಂದರೆ ಬಾಸ್ ಜಾಸ್ತಿಯಾಗಿದೆ ಎಂದರ್ಥವಲ್ಲವೇ ಎಂದು ಬಾಸ್ ಗುಂಡಿಯನ್ನು ಪೂರ್ತಿ ಇಳಿಸಿದಳು. ಈಗ ಕೆಸರು ತೆಳ್ಳಗಾಯಿತು. ಕೆಸರು ಕೆಸರೇ. ಮೊದಲು ಎಮ್ಮೆ ಗೊರಕೆ ಹೊಡೆಯುತ್ತಿತ್ತು, ಈಗ ಬಡಕಲು ಎಮ್ಮೆ. ಬೆನ್ನಿನ ತಗಡಿನ ಪೆಟ್ಟಿಗೆಯ ಕಡ್ಡಿಗಳನ್ನೂ, ಅಂಟುಪಟ್ಟಿ ಕದಲದಂತೆ ಬೆರಳ ತುದಿಯಿಂದ, ಸರಿಸಿ ನೋಡಿದಳು. ಎಮ್ಮೆ ಇನ್ನಷ್ಟು ಬಡಕಲಾಯಿತು.

ಈ ನಡುವೆ ಗಂಡ ಕೂಗದೆ ಬದುಕುವುದನ್ನು ಕಲಿಯುತ್ತಿದ್ದ. ಬಾಗಿಲಲ್ಲಿ ಬಂದು ಎರಡು ಕೈಯಲ್ಲಿ ಎರಡು ಡಬ್ಬಿ ಹಿಡಿದು ನಿಲ್ಲುತ್ತಿದ್ದ, ಉಪ್ಪು ಯಾವುದು ಸಕ್ಕರೆ ಯಾವುದು ಎಂಬಂತೆ. ಅವಳು ನುಡಿಸುವುದು ಬಿಡದೆ ನಾಲಿಗೆ ಚಾಚಿ ತೋರಿಸುತ್ತಿದ್ದಳು: ನೆಕ್ಕಿ ನೋಡಿ. ಒಂದು ದಿನ ಅನ್ನ ತಳ ಹಿಡಿಯಿತು. ಇನ್ನೊಂದು ದಿನ ತಳ ಹಿಡಿಯಲಿಲ್ಲ, ಬೇಯಲೂ ಇಲ್ಲ. ಅತ್ತೆ ಅದನ್ನು ಅಗಿಯುತ್ತ, “ಹಲ್ಲಿನ ಕ್ಲಿನಿಕ್ಕಿನ ಆ ಹುಡುಗಿಗೆ ಹೇಳಿಡು, ನಾನು ಬರ್ತಿದೀನಿ ಅಂತ” ಎಂದರು. ಆದರೂ ಅವರೇ ಒಂದು ಸಂಜೆ ಯಾರೂ ಹೇಳದೆ ಸೊಪ್ಪು ಬಿಡಿಸಲು ಕೂತರು. ಆಂಪ್ಲಿಫೈಯರಿನ ಎದುರಿಗೇ ಕೂತರು. ಮನೆಯಲ್ಲಿ ಏನಾಗುತ್ತಿದೆಯೆಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಕಾರ್ಯಕ್ರಮದ ಹಿಂದಿನ ಸಂಜೆ. ವ್ಯಾನಕ್ಕನಿಗೆ ಸಾಕುಸಾಕಾಗಿತ್ತು. ತನ್ನ ಕೈಯೇ ಸರಿಯಿಲ್ಲವೇನೋ ಎಂದು ಗಿಟಾರಿನ ವಯರ್ ಕಿತ್ತು, ಬರಿಯ ತಂತಿಯ ಮೇಲೆ ನುಡಿಸಿ ಕೇಳಿದಳು. ಸಣ್ಣ ಸದ್ದು, ಆದರೆ ಸ್ಪಷ್ಟ. ಒಂದೊಂದು ಹೊಡೆತವೂ ಬೇರೆ, ಕೈ ನಿಂತಲ್ಲಿ ಸದ್ದೂ ನಿಂತಿತು. ಕೈ ಸರಿಯಿದೆ. ಕೈಗೂ ಸ್ಪೀಕರಿಗೂ ನಡುವೆ ಎಲ್ಲೋ ಕೆಡುತ್ತಿದೆ. ವಯರನ್ನು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಾಗ ಬಾಗಿಲಲ್ಲಿ ಗಂಡ ಕಾಣಿಸಿಕೊಂಡ. ಕೈಯಲ್ಲಿ ಬಕೆಟ್. ಕೂಗಲಿಲ್ಲ. ಬಕೆಟ್ಟನ್ನು ಮುಂದಕ್ಕೆ ಚಾಚಿದ.

“ಇದೇನು?”

“ಅಂಗಿ.”

“ಯಾವ ಅಂಗಿ?”

“ನಿಮ್ಮ ಬ್ಯಾಂಡಿನ ಮೂವರದ್ದೂ. ನಾಳೆ ಹಾಕ್ಕೊಳ್ಳೋಕೆ ಅಂತ ಒಗೆಯೋಕಿಟ್ಟಿದ್ಯಲ್ಲ, ಬಿಳಿದು.”

ಬಕೆಟ್ಟಿನಲ್ಲಿ ಬಿಳಿ ಎಂಬುದೇ ಇರಲಿಲ್ಲ. ಮೂರು ಅಂಗಿಗಳೂ ಕೂಸಿನ ಕೆನ್ನೆಯ ಹಾಗೆ ಗುಲಾಬಿಯಾಗಿದ್ದವು. ಅವುಗಳ ಅಡಿಯಲ್ಲಿ ಆಂಪ್ಲಿಫೈಯರಿನ ಕೆಂಪು ಗವುಸು ಹಾಯಾಗಿ ಮಲಗಿತ್ತು.

“ಗವುಸು ಧೂಳಾಗಿತ್ತು. ನಿನಗೆ ಖುಷಿಯಾಗುತ್ತೆ ಅಂತ ಅದನ್ನೂ ಜೊತೆಗೆ ಹಾಕ್ದೆ” ಎಂದ.

“ಇಪ್ಪತ್ತು ವರ್ಷ ಬಣ್ಣ ಮಾರಿದವನು” ಎಂದರು ಅತ್ತೆ ಸೊಪ್ಪಿನಿಂದ ತಲೆಯೆತ್ತದೆ.

“ಪೇಂಟು ಬೇರೆ, ಬಟ್ಟೆ ಬೇರೆ ಅಮ್ಮ. ಲೇ, ನಾನು ಮತ್ತೆ ಜಾಲಾಡಿಸಿದೆ ಕಣೇ. ಸೋಪು ಜಾಸ್ತಿ ಹಾಕಿ ತಿರುಗಿಸಿದೆ. ಸ್ವಲ್ಪ ತಿಳಿಯಾಗುತ್ತೆ, ಹೋಗೋದೇ ಇಲ್ಲ. ಇನ್ನೊಂದ್ಸಲ ಹಾಕಲಾ?”

“ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ” ಎಂದರು ಅತ್ತೆ.

“ಇನ್ನು ಎಷ್ಟು ಸಲ ಹಾಕಿದ್ರೂ ಅಷ್ಟೇ ರೀ” ಎಂದಳು ವ್ಯಾನಕ್ಕ. ಸಿಟ್ಟು ಬರುವಷ್ಟು ತ್ರಾಣವೂ ಉಳಿದಿರಲಿಲ್ಲ. “ಮಷಿನ್ನಿಗೆ ಹಾಕೋ ಮೊದಲೇ ಬೇರೆ ಮಾಡ್ಬೇಕು. ಒಳಗೆ ಹೋಗಿ, ತಿರುಗಿ, ಒಂದರ ಬಣ್ಣ ಒಂದಕ್ಕೆ ಹತ್ತಿದ ಮೇಲೆ ಆಚೆ ತೆಗೆದು ಎಷ್ಟು ತೊಳೆದ್ರೇನು, ತೆಳ್ಳಗಾಗುತ್ತೆ ಅಷ್ಟೇ...”

ಮಾತು ಅಲ್ಲಿಗೇ ನಿಂತಿತು. ತೆಳ್ಳಗಾಗುತ್ತೆ ಅಷ್ಟೇ. ಅವಳು ಬಕೆಟ್ಟನ್ನು ನೋಡಿದಳು, ಕೈಯಲ್ಲಿನ ವಯರನ್ನು ನೋಡಿದಳು.

“ಬೇರೆ ಮಾಡ್ಬೇಕು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನೀನು ಮಾಡೋದನ್ನ ನಾನು ನೋಡೇ ಇಲ್ಲ” ಎನ್ನುತ್ತಿದ್ದ ಗಂಡ.

“ನೋಡಿಲ್ಲ, ಹೌದು” ಎಂದವಳು ಎದ್ದು ಆಂಪ್ಲಿಫೈಯರಿನ ಬೆನ್ನ ಕಡೆಗೆ ಹೋದಳು.

ಇಷ್ಟು ವರ್ಷ ಒಗೆಯುವ ಕೆಲಸದ ಹೆಸರೆಲ್ಲ ಮಷಿನ್ನಿಗೆ ಹೋಗಿತ್ತು. ಅದಕ್ಕೆ ಮೊದಲು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಬಿಳಿ ಬೇರೆ, ಬಣ್ಣ ಬೇರೆ, ಜೇಬಿನ ಕಾಗದ ಬೇರೆ ಎಂದು ವಿಂಗಡಿಸುವುದು ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ, ಅವಳ ಲೆಕ್ಕಕ್ಕೂ ಕೂಡ. ತಂತಿಯ ಸದ್ದಿಗೂ ಅದೇ ಕಥೆ. ಗೇನ್ ಎಂಬುದು ಒಗೆಯುವ ಮಷಿನ್ನು. ಒಳಗೆ ಬಂದದ್ದನ್ನೆಲ್ಲ ಗಿರ್ರೆಂದು ತಿರುಗಿಸಿ ಒಂದರೊಳಗೊಂದು ಬೆರೆಸುತ್ತದೆ. ದಪ್ಪ ತಂತಿಯ ತಳದ ಗೊರಗೊರ ಅದರೊಳಗೆ ಹೋಯಿತೆಂದರೆ ಮಿಕ್ಕ ಸ್ವರಗಳಿಗೆಲ್ಲ ಬಣ್ಣ ಹತ್ತಿತು. ಆಮೇಲೆ ಬಾಸ್ ಗುಂಡಿ ಇಳಿಸುವುದೆಂದರೆ ಗುಲಾಬಿ ಅಂಗಿಯನ್ನು ಜಾಲಾಡಿಸಿದ ಹಾಗೆ, ಯಾಕೆಂದರೆ ಈ ಆಂಪ್ಲಿಫೈಯರಿನಲ್ಲಿ ಬಾಸ್ ಗುಂಡಿಗೆ ಸರದಿ ಬರುವುದು ಗೇನ್ ಮುಗಿದ ಮೇಲೆ. ಬೆನ್ನಿಗೆ ಸಿಕ್ಕಿಸಿದ ತಗಡಿನ ಪೆಟ್ಟಿಗೆಗೂ ಗೇನ್ ಆದ ಮೇಲೆಯೇ ಸರದಿ. ವಿಂಗಡಿಸಬೇಕಾದ ಪೆಟ್ಟಿಗೆ ಒಗೆದಾದ ಮೇಲೆ ಕಾಯುತ್ತ ಕೂತಿತ್ತು, ಅಂಟುಪಟ್ಟಿ ಸುತ್ತಿಕೊಂಡು.

ಅವಳು ಅಂಟುಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆದಳು. ಚರ್ರನೆ ಬಂತು. ವಯರುಗಳನ್ನು ಬೆನ್ನಿನಿಂದ ಕಿತ್ತು, ತಗಡಿನ ಪೆಟ್ಟಿಗೆಯನ್ನು ಮುಂದಕ್ಕೆ ತಂದು, ಗಿಟಾರಿನ ವಯರನ್ನು ಮೊದಲು ಅದಕ್ಕೆ, ಅದರ ವಯರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದಳು. ತೀರ ಮಂದ್ರದ ಕಡ್ಡಿಯನ್ನು ತಳಕ್ಕೆ ಇಳಿಸಿದಳು, ಅದರ ಪಕ್ಕದ್ದನ್ನು ಅರ್ಧಕ್ಕೆ. ಗೇನ್ ಇದ್ದಲ್ಲೇ ಇರಲಿ. ಅಂಗೈಯ ಅಂಚನ್ನು ತಂತಿಯ ಮೇಲೊತ್ತಿ ಹೊಡೆದಳು.

ಟಕ್.

ಬಾಗಿಲ ಅಗುಳಿ ಬಿದ್ದ ಹಾಗೆ. ಇನ್ನೊಂದು ಹೊಡೆತ, ಇನ್ನೊಂದು ಅಗುಳಿ. ವೇಗವಾಗಿ ಹೊಡೆದಳು, ಹೊಡೆತಗಳು ಒಂದರ ಮೇಲೊಂದು ಬೀಳದೆ ಸಾಲಾಗಿ ಓಡಿದವು. ಕೈಯೆತ್ತಿದಾಗ ಕೋಣೆಯಲ್ಲಿ ಸದ್ದೇ ಇರಲಿಲ್ಲ, ಬಕೆಟ್ಟಿನ ಅಂಚಿನಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಕೊನೆಗೆ ಅವಳು ಇಳಿಸಿಟ್ಟಿದ್ದ ಬಾಸ್ ಗುಂಡಿಯನ್ನು ನಡುವಿಗೆ ಏರಿಸಿದಳು. ವಿಂಗಡಿಸಿ ಒಗೆದ ಮೇಲೆ ಎಷ್ಟು ಗಂಜಿ ಹಾಕಿದರೂ ಬಟ್ಟೆ ನಿಲ್ಲುತ್ತದೆ, ಕೆಡುವುದಿಲ್ಲ. ಸದ್ದಿಗೆ ಮೈ ತುಂಬಿಕೊಂಡಿತು, ಬಿಗಿ ಸಡಿಲವಾಗಲಿಲ್ಲ. ಮತ್ತೊಮ್ಮೆ ಹೊಡೆದಾಗ ಅತ್ತೆಯ ಮೊರದಲ್ಲಿದ್ದ ಸೊಪ್ಪಿನ ಎಲೆಯೊಂದು ನಡುಗಿತು.

“ಈಗ ಒಂದೊಂದೂ ಬೇರೆ ಬೇರೆ ಕೇಳ್ತಿದೆ” ಎಂದರು ಅತ್ತೆ. “ಮೊದಲು ಮಿಕ್ಸಿ ಇದ್ದ ಹಾಗಿತ್ತು. ನಾನು ಹೇಳಲಿಲ್ಲ, ನೀನು ಬೇಜಾರು ಮಾಡ್ಕೊಳ್ತೀಯ ಅಂತ.”

“ಹೇಳಿದ್ರಿ ಅತ್ತೆ. ದಿನಾ ಹೇಳಿದ್ರಿ.”

ವ್ಯಾನಕ್ಕ ನಗುತ್ತಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಗಂಡನಿಗೆ ಏನೂ ಅರ್ಥವಾಗಲಿಲ್ಲ. ಬೈಗುಳ ತಪ್ಪಿತೆಂಬುದಷ್ಟು ಅರ್ಥವಾಯಿತು. “ಅಂಗಿ ಏನು ಮಾಡ್ಲಿ?” ಎಂದು ಕೇಳಿದ.

“ಒಣಹಾಕಿ. ಆಮೇಲೆ ಇಸ್ತ್ರಿ ಹಾಕಿ. ಕಾಲರಿನಿಂದ ಶುರು ಮಾಡ್ಬೇಕು.”

ಮಾರನೆಯ ದಿನ ಆಂಪ್ಲಿಫೈಯರ್ ಶಾಲಾ ವ್ಯಾನಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಸಭಾಭವನಕ್ಕೆ ಹೋಯಿತು. ಟೀಚರ್ ಅಂಗಿಯ ಒಳಮಗ್ಗುಲನ್ನು ತಿರುಗಿಸಿ, ಅಲ್ಲಿಯೂ ಬಿಳಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ನರ್ಸ್ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, “ಬಿಳಿ ಹಾಕಿದ್ರೆ ಡ್ಯೂಟಿಗೆ ಬಂದ ಹಾಗಿರ್ತಿತ್ತು. ಇದೇ ಇರ್ಲಿ ಅಕ್ಕ. ಆರೋಗ್ಯವಾದ ಒಸಡಿನ ಬಣ್ಣ” ಎಂದಳು. ಸಾಮಾನು ಹೊತ್ತು ತಂದಿದ್ದ ಗಂಡ, ಅಂಗಡಿಯಲ್ಲಿ ಈ ಛಾಯೆಗೆ ‘ಮುಂಜಾವು’ ಎಂದು ಹೆಸರು, ಮಲಗುವ ಕೋಣೆಗೆ ಬಹಳ ಜನ ಕೇಳುತ್ತಾರೆ ಎಂದ. ಯಾರೂ ಅವನನ್ನು ಕೇಳಿರಲಿಲ್ಲ.

ಮಧ್ಯಾಹ್ನ ಸೌಂಡಿನವನು ಮೇಜಿನ ಹಿಂದೆ ಕೈಕಟ್ಟಿ ನಿಂತ. ಅವನ ಗಿಟಾರಿನವನೂ ಗಿಟಾರ್ ತಗಲಿಸಿಕೊಂಡು ಪಕ್ಕದಲ್ಲಿ ತಯಾರಾಗಿದ್ದ. ವ್ಯಾನಕ್ಕ ಯಾರ ಮುಖವನ್ನೂ ನೋಡದೆ ದಪ್ಪ ತಂತಿಯ ಮೇಲೆ ಶುರು ಮಾಡಿದಳು. ಡ್ರಮ್ಸಿನ ಒಂದೊಂದು ಒದೆತಕ್ಕೂ ಗಿಟಾರಿನ ಒಂದೊಂದು ಹೊಡೆತ ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು. ತಟ್ಟನೆ ನಿಲ್ಲುವ ಜಾಗ ಬಂತು. ಮೂವರೂ ನಿಂತರು. ಸದ್ದೂ ನಿಂತಿತು.

ಸೌಂಡಿನವನು ಕಟ್ಟಿದ ಕೈ ಬಿಟ್ಟ. “ಹೊಸ ಆಂಪ್ ತಂದ್ರಾ ಅಕ್ಕ?”

“ಅದೇ ಹಳೇದು. ಹಿಂದಿದ್ದ ಪೆಟ್ಟಿಗೇನ ಮುಂದೆ ಹಾಕಿದೆ.”

ಅವನು ಬಗ್ಗಿ ತಗಡಿನ ಪೆಟ್ಟಿಗೆಯ ಕಡ್ಡಿಗಳನ್ನು ನೋಡಿದ, ಬೆನ್ನ ಕಡೆ ಇಣುಕಿದ, ತಲೆದೂಗಿದ. “ಅವತ್ತು ನಾನೂ ಹಿಂದೆ ತಿರುಗಿ ನೋಡಬೇಕಿತ್ತು” ಎಂದು, ತನ್ನವನ ಕಡೆ ತಿರುಗಿ, “ನೀನು ಊಟಕ್ಕೆ ಹೋಗಪ್ಪ” ಎಂದ.

ಸಂಜೆ ಸಭಾಭವನ ತುಂಬಿತ್ತು. ಮೊದಲು ಬಂದ ಬ್ಯಾಂಡುಗಳೆಲ್ಲ ಕಪ್ಪು ಅಂಗಿಯ ತರುಣರವು. ಆಮೇಲೆ ಮೂವರು ನಡುವಯಸ್ಸಿನ ಹೆಂಗಸರು ಒಸಡಿನ ಬಣ್ಣದ ಅಂಗಿಯಲ್ಲಿ ಬಂದು ನಿಂತಾಗ ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಯಾರೋ, “ಭಜನೆ ಮಂಡಳಿನಾ?” ಎಂದರು. ನರ್ಸ್ ಡ್ರಮ್ಸಿನ ಕೋಲಿಗೆ ಕೋಲನ್ನು ನಾಲ್ಕು ಬಾರಿ ತಟ್ಟಿದಳು, ವ್ಯಾನಕ್ಕ ಹೊಡೆದಳು, ಆ ನಗು ಎದ್ದ ಕುರ್ಚಿಗಳ ತನಕ ಹೊಡೆತ ಹೋಗಿ ಮುಟ್ಟಿತು. ನಗು ಅಲ್ಲೇ ಉಳಿಯಿತು, ಬೇರೆ ಥರದ್ದಾಯಿತು. ಎರಡನೆಯ ಹಾಡಿಗೆ ಹಿಂದಿನ ಸಾಲು ಮುಂದಕ್ಕೆ ಬಂದಿತ್ತು.

ಅತ್ತೆ ಎರಡನೇ ಸಾಲಿನಲ್ಲಿ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರು. ಕೊನೆಯ ಹಾಡಿನಲ್ಲಿ ಆ ತಟ್ಟನೆ ನಿಲ್ಲುವ ಜಾಗ ಬಂತು. ಇಡೀ ಸಭಾಭವನ ಬಾವಿಯ ಹಾಗೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದೊಳಗೆ, ಕಿವಿಯಲ್ಲಿ ಹತ್ತಿ ಇರುವವರಿಗೆ ಸಹಜವಾದ ದನಿಯಲ್ಲಿ ಅತ್ತೆ ಮಗನನ್ನು ಕೇಳಿದರು: “ಮುಗೀತಾ? ಚೆನ್ನಾಗಿತ್ತಲ್ಲೋ.”

ಎಲ್ಲರಿಗೂ ಕೇಳಿಸಿತು. ವ್ಯಾನಕ್ಕನಿಗೂ. ಅವಳು ಅತ್ತೆಯ ಕಡೆ ನೋಡಿ, ಇಲ್ಲವೆಂದು ತಲೆಯಾಡಿಸಿ, ತಂತಿಯ ಮೇಲೆ ಕೈ ಇಳಿಸಿದಳು. ಮೂವರೂ ಒಂದೇ ಏಟಿಗೆ ಮತ್ತೆ ಶುರು ಮಾಡಿದರು. ಮಿಕ್ಕ ಹಾಡು ಜನರ ಕೂಗಿನಲ್ಲಿ ಅರ್ಧ ಕೇಳಲಿಲ್ಲ.

ಕೆಳಗಿಳಿದಾಗ ಪತ್ರಿಕೆಯವಳೊಬ್ಬಳು ವ್ಯಾನಕ್ಕನ ಬಲಗೈ ಹಿಡಿದು ತಿರುಗಿಸಿ ನೋಡಿದಳು. “ಎಷ್ಟು ಬಿಗಿಯಾಗಿ ನುಡಿಸ್ತೀರಿ. ವರ್ಷಗಟ್ಟಲೆ ಹಿಟ್ಟು ನಾದಿ, ಬಟ್ಟೆ ಹಿಂಡಿ ಬಂದ ಶಕ್ತಿ ಅಲ್ವಾ ಇದು?”

“ಅಲ್ಲಮ್ಮ” ಎಂದಳು ವ್ಯಾನಕ್ಕ. “ಒಂದು ವಾರ ಅದನ್ನೆಲ್ಲ ಬಿಟ್ಟಿದ್ದಕ್ಕೆ ಬಂದಿದ್ದು.”

ಪತ್ರಿಕೆಯವಳು ಅದನ್ನು ಬರೆದುಕೊಂಡಳೋ ಇಲ್ಲವೋ ತಿಳಿಯದು. ಗಂಡ ಬರೆದುಕೊಳ್ಳದಿದ್ದರೂ ಕೇಳಿಸಿಕೊಂಡ. ಮನೆಗೆ ಬರುವ ದಾರಿಯುದ್ದಕ್ಕೂ ಆಂಪ್ಲಿಫೈಯರಿನ ಪಕ್ಕದ ಸೀಟಿನಲ್ಲಿ ಅದನ್ನು ಬೀಳದಂತೆ ಹಿಡಿದುಕೊಂಡು ಕೂತಿದ್ದ.

ಈಗ ಆ ಮನೆಗೆ ಹೋದರೆ ಮೆಟ್ಟಿಲ ಕೆಳಗೆ ಇಸ್ತ್ರಿ ಮೇಜು ಕಾಣುತ್ತದೆ. ಆಂಪ್ಲಿಫೈಯರ್ ಮುಂದಿನ ಕೋಣೆಯಲ್ಲಿ, ಸ್ಟೂಲಿನ ಮೇಲೆ, ಗೋಡೆಯಿಂದ ಒಂದು ಮೊಳ ಮುಂದೆ, ಗವುಸಿಲ್ಲದೆ ಇದೆ. ಅದರ ಮೇಲೆ ಏನೂ ಇಲ್ಲ. ಒಂದು ವಾರಕ್ಕೆಂದು ಮಾಡಿದ ಏರ್ಪಾಡು ಆ ವಾರ ಮುಗಿದ ಮೇಲೂ ಮುಗಿಯಲಿಲ್ಲ, ಯಾಕೆಂದರೆ ಅದನ್ನು ಮುಗಿಸೋಣವೆಂದು ವ್ಯಾನಕ್ಕ ಹೇಳಲಿಲ್ಲ, ಹೇಳು ಎನ್ನುವ ಧೈರ್ಯ ಮಿಕ್ಕವರಿಗೆ ಬರಲಿಲ್ಲ.

ಮೊನ್ನೆ ಸಂಜೆ ಅವಳು ಹೊಸ ಹಾಡಿನ ಮೊದಲ ಸಾಲು ಕೂರಿಸುತ್ತಿದ್ದಳು. ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸಲ ಕೂಗಿತು, ಎರಡು ಸಲ, ಮೂರು ಸಲ. ನಾಲ್ಕನೆಯದೂ ಕೂಗಿತು. ಐದನೆಯದಕ್ಕೆ ಒಳಗೆಲ್ಲೋ ಕುರ್ಚಿ ಸರಿದ ಸದ್ದಾಯಿತು, ಚಪ್ಪಲಿ ಪಟಪಟನೆ ಓಡಿತು, ಒಲೆ ಆರಿತು. ಓಡಿದವರು ಯಾರೆಂದು ಅವಳು ತಲೆಯೆತ್ತಿ ನೋಡಲಿಲ್ಲ. ಹಾಡಿನ ಸಾಲಿನಲ್ಲಿ ನಾಲ್ಕನೆಯ ಹೊಡೆತ ಇನ್ನೂ ಒಂದು ಕೂದಲೆಳೆಯಷ್ಟು ಬೇಗ ಬರುತ್ತಿತ್ತು. ಸಾಲನ್ನು ಮತ್ತೆ ಮೊದಲಿನಿಂದ ಹಿಡಿದಳು.